ಮೂಲೆ ಮಡಿಸದ ಕಾರ್ಡು

"ಅಮ್ಮಾ, ಎಲ್ಲ ಕಾರ್ಡಿನ ಮೂಲೆ ಮಡಿಸೋಕೆ ಬಿಟ್ಟು, ಅದೊಂದನ್ನ ಮಾತ್ರ ಮಿಸ್ ಪ್ರಿಂಗಲ್ ಯಾಕೆ ಕಿತ್ಕೊಂಡ್ರು?" ಐದು ವರ್ಷದ ಜಿಲ್ಲಿ ಸ್ನಾನದ ತೊಟ್ಟಿಯಲ್ಲಿ ಕೂತು ಕೇಳಿದಳು.

ಪಕ್ಕದ ಮನೆಯ ಹೆಸ್ಟರ್ ಪ್ರಿಂಗಲ್ ಇಂಗ್ಲೆಂಡಿನ ಕಡಲ ದಂಡೆಯ ನಮ್ಮ ಟೈನ್‌ಮತ್‌ಗೆ ಬಂದು ಎರಡು ವರ್ಷವಾಯಿತು. ನಾರ್ವೆಯ ಬರ್ಗೆನ್, ಅಂಕಾರಾ, ಲಿಸ್ಬನ್, ವಿಯೆನ್ನಾ ಎಂದು ಸರ್ಕಾರ ಕಳಿಸಿದಲ್ಲೆಲ್ಲ ರಾಜತಾಂತ್ರಿಕರಾಗಿ ದುಡಿದು ನಿವೃತ್ತರಾದವರು. ಊರು ಬಿಡುವಾಗ ಪರಿಚಯದ ಮನೆಗಳಿಗೆ ಹೆಸರಿನ ಕಾರ್ಡು ಹಾಕಿ ಬರುವುದು ಆ ಕೆಲಸದವರ ರಿವಾಜು. ಮೂಲೆ ಮಡಿಸಿದ್ದರೆ ಅವರೇ ಬಾಗಿಲಿಗೆ ಬಂದಿದ್ದರೆಂದು ಅರ್ಥ. ಇಲ್ಲವಾದರೆ ಆಳಿನ ಕೈಲಿ ಕಳಿಸಿದ್ದು. ಅವರ ಬಳಿ ಉಳಿದ ಕಾರ್ಡುಗಳೆಲ್ಲ ಈಗ ಜಿಲ್ಲಿಯ ಆಟಕ್ಕೆ.

ಮರುದಿನ ಕೇಕು ಹಿಡಿದು ಅವರ ಮನೆಗೆ ಹೋದೆ.

"ತಪ್ಪು ನಂದೇ, ಡೋರೀನ್. ಮಂತ್ರಿಗಳ ಮುಂದೆ ದನಿ ಏರಿಸದವಳು ನಿನ್ನ ಮಗಳ ಮೇಲೆ ಕಿರುಚಿಬಿಟ್ಟೆ."

"ನಾನು ದಿನಕ್ಕೆ ನಾಲ್ಕು ಸಲ ಕಿರುಚ್ತೀನಿ, ಬಿಡಿ."

ಕಾರ್ಡು ಮೇಜಿನ ಮೇಲಿತ್ತು. ಅಂಚು ಹಳದಿಯಾಗಿತ್ತು. ಬರ್ಗೆನ್‌ನದು, ೧೯೫೨ರದು.

"ಹಾಲ್ವರ್ ಅಂತ, ದೋಣಿ ಕಟ್ಟೋನು. ಮದುವೆಯಾಗು ಅಂದ. ಆಗ ನಮ್ಮಲ್ಲಿ ಹೆಂಗಸು ಮದುವೆಯಾದ್ರೆ ರಾಜೀನಾಮೆ ಕೊಡಲೇಬೇಕಿತ್ತು. ಆ ಕುರ್ಚಿಗೆ ನಾನೆಷ್ಟು ಗುದ್ದಾಡಿದ್ದೆ! ಒಂದು ವಾರ ಕೊಡು ಅಂದೆ. ಅಷ್ಟರಲ್ಲಿ ವರ್ಗವಾಯ್ತು. ಊರಿಗೆಲ್ಲ ಕಾರ್ಡು ಹಾಕಿದೆ. ಅವನ ಬಾಗಿಲ ತನಕ ಹೋಗಿ, ಇದನ್ನ ಹಾಕದೆ ವಾಪಸ್ ಬಂದೆ. ಒಳಗೆ ಮೀನು ಹುರಿಯೋ ವಾಸನೆ. ಅವನು ಬಾಗಿಲು ತೆಗೆದಿದ್ರೆ ನಾನು ಹೋಗ್ತಾನೇ ಇರಲಿಲ್ಲ."

ಆ ನಿಯಮ ತೆಗೆದುಹಾಕಿದ ಸುದ್ದಿ ಹೋದ ವರ್ಷ, ೧೯೭೩ರಲ್ಲಿ, ಪತ್ರಿಕೆಯಲ್ಲಿ ಬಂದಿತ್ತು. ಅವತ್ತು ಸಂಜೆಯವರೆಗೂ ಅವರು ಬೇಲಿಗಿಡ ಕತ್ತರಿಸುತ್ತಲೇ ಇದ್ದದ್ದು ಈಗ ನೆನಪಾಯಿತು.

"ಕೆಲಸ ಆರಿಸ್ಕೊಂಡಿದ್ದಕ್ಕೆ ಬೇಸರವಾ?"

"ಇಲ್ಲಮ್ಮ. ಒಂದು ಮಾತು ಹೇಳದೆ ಬಂದೆನಲ್ಲ, ಅದಕ್ಕೆ."

"ಅವರು ಇದ್ದಾರಾ?"

"ಅದೇ ಮನೇಲಿ. ಹೆಂಡತಿ, ಮಕ್ಕಳು. ಅಲ್ಲಿನ ನಮ್ಮ ಕಚೇರಿಯ ಹಳೇ ಟೈಪಿಸ್ಟು ಪ್ರತಿ ಕ್ರಿಸ್‌ಮಸ್‌ಗೆ ಬರೀತಾಳೆ. ನಾನು ಕೇಳದಿದ್ರೂ ಬರೀತಾಳೆ."

ಆಗಸ್ಟಿನಲ್ಲಿ ನಾವು ಹಡಗು ಹತ್ತಿ ಬರ್ಗೆನ್‌ನ ನನ್ನ ಅಕ್ಕನ ಮನೆಗೆ ಹೋಗುವವರಿದ್ದೆವು. "ಕೊಡಿ, ನಾನೇ ತಲುಪಿಸ್ತೀನಿ," ಎಂದೆ.

ಅವರು ಕಾರ್ಡನ್ನು ಕೈಗೆತ್ತಿಕೊಂಡು ಆ ನೇರ ಮೂಲೆಯನ್ನು ಹೆಬ್ಬೆರಳಿನಿಂದ ಸವರಿದರು.

"ನೀನು ಒಯ್ದರೆ ಇದನ್ನ ಮಡಿಸೋ ಹಾಗಿಲ್ಲವಲ್ಲ." ಕಾರ್ಡನ್ನು ತಮ್ಮ ಕೈಚೀಲದೊಳಗಿಟ್ಟರು. "ನಿಮ್ಮ ಕ್ಯಾಬಿನ್ನಿನಲ್ಲಿ ಇನ್ನೊಂದು ಹಾಸಿಗೆ ಸಿಗುತ್ತಾ? ಬಾಗಿಲ ತನಕ ಬರಬೇಡ, ಬೀದಿ ತುದಿಗೆ ಬಾ ಸಾಕು. ಈ ಸಲವೂ ನಾನು ಅರ್ಧದಲ್ಲೇ ತಿರುಗಿ ಬಂದ್ರೆ, ದಾರಿಗೆ ಅಡ್ಡ ನಿಂತ್ಕೋತೀಯಾ, ಡೋರೀನ್?"