ಓದದೆ ಬಿಟ್ಟ ಸಾಲು

ಇದು ನಿಜವಾಗಿ ನಡೆದದ್ದು. ನಂಬದಿದ್ದರೆ ನನಗೇನೂ ಬೇಸರವಿಲ್ಲ. ದೆವ್ವದ ಕಥೆ ಹೇಳಿದ ಹುಡುಗರನ್ನು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದ ಮೇಷ್ಟ್ರು ನಾನು. ನನ್ನ ಬಾಯಿಂದಲೇ ಇಂಥದ್ದು ಬರುತ್ತದೆಂದು ನಾನೂ ಅಂದುಕೊಂಡಿರಲಿಲ್ಲ.

ಏಕೀಕರಣವಾಗಿ ಒಂದೆರಡು ವರ್ಷವಾಗಿತ್ತು. ಅಜ್ಜಂಪುರದ ಸ್ಟೇಷನ್ನಿನ ಆಚೆ, ಹಳಿಯ ಪಕ್ಕ, ರೈಲ್ವೆಯವರು ಎಂದೋ ಬಿಟ್ಟುಹೋದ ಹಳೆಯ ಕಲ್ಲಿನ ಕಟ್ಟಡವೊಂದಿತ್ತು. ಅದನ್ನು ಕೆಡವಿ ತೇಗದ ತೊಲೆಗಳನ್ನು ಹರಾಜು ಹಾಕುತ್ತಾರೆಂದು ಸುದ್ದಿ ಬಂತು. ನಮ್ಮ ಹೆಣ್ಣುಮಕ್ಕಳ ಶಾಲೆ ಆಗ ಛತ್ರದ ಜಗಲಿಯಲ್ಲಿ ನಡೆಯುತ್ತಿತ್ತು. ಮದುವೆ ಬಂದರೆ ರಜ, ಮಳೆ ಬಂದರೆ ರಜ. ಕಟ್ಟಡ ಉಳಿಸಿ ಶಾಲೆಗೆ ಕೊಡಿ ಎಂದು ಊರಿನವರೆಲ್ಲ ಸೇರಿ ಅರ್ಜಿ ಹಾಕುವುದೆಂದಾಯಿತು. ಬರೆಯುವ ಕೆಲಸ ನನ್ನದು.

ತೊಡಕು ಒಂದೇ. ಅಲ್ಲಿ ತಿಮ್ಮಜ್ಜ ಇದ್ದ. ಸಿಗ್ನಲ್ ದೀಪಗಳಿಗೆ ಸೀಮೆಎಣ್ಣೆ ತುಂಬಿ ಹಚ್ಚುವುದು ಅವನ ಕೆಲಸವಾಗಿತ್ತು. ನಿವೃತ್ತಿಯಾದ ಮೇಲೆ, ಹೆಂಡತಿ ಮಕ್ಕಳಿಲ್ಲದವನು, ಆ ಕಟ್ಟಡದ ಹಿಂದಿನ ಕೋಣೆಯಲ್ಲೇ ಉಳಿದುಬಿಟ್ಟಿದ್ದ. ಜನ ಇದ್ದಾರೆಂದು ಬರೆದರೆ ಅರ್ಜಿ ವರ್ಷಗಟ್ಟಲೆ ಎಳೆಯುತ್ತದೆ ಎಂದು ತಿಳಿದವರು ಹೆದರಿಸಿದರು. 'ಈ ಕಟ್ಟಡದಲ್ಲಿ ಯಾರೂ ವಾಸವಿಲ್ಲ' ಎಂದು ಬರೆದೆ.

ಹೆಬ್ಬೆಟ್ಟು ಹಾಕಿಸಲು ಮನೆಮನೆ ಸುತ್ತುತ್ತಿದ್ದಾಗ ಅಜ್ಜ ತಾನೇ ಹುಡುಕಿಕೊಂಡು ಬಂದ.

"ಮೇಷ್ಟ್ರೇ, ನಂದೂ ಒಂದು ಒತ್ತುಸ್ಕೊಳ್ಳಿ. ಹೆಣ್ಮಕ್ಳು ಓದೋದು ಒಳ್ಳೇದಲ್ವಾ? ಏನ್ ಬರ್ದಿದ್ದೀರಿ, ಒಂಚೂರು ಓದಿ ಹೇಳಿ."

ಓದಿದೆ. ಆ ಒಂದು ಸಾಲು ಬಿಟ್ಟು ಓದಿದೆ. ಅಜ್ಜ ನಗುತ್ತಾ ಹೆಬ್ಬೆಟ್ಟು ಒತ್ತಿದ.

ಅರ್ಜಿ ಫಲಿಸಿತು. ಅಜ್ಜನಿಂದ ಕೋಣೆ ಬಿಡಿಸಲು ಹೋದವನೂ ನಾನೇ. "ಮೇಲಿನವರ ಆರ್ಡರ್ ಅಜ್ಜಾ, ನನ್ನ ಕೈಲೇನಿದೆ?" ಎಂದೆ.

"ನಾನೂ ಹೆಬ್ಬೆಟ್ಟು ಒತ್ತಿದ್ನಲ್ಲ ಮೇಷ್ಟ್ರೇ..." ಅಷ್ಟೇ ಅವನು ಅಂದದ್ದು.

ದೇವನೂರಿನಲ್ಲಿದ್ದ ತಂಗಿಯ ಮಗನ ಮನೆಗೆ ಹೋದ. ಅಲ್ಲಿ ದನದ ಕೊಟ್ಟಿಗೆಯಲ್ಲಿ ಮಲಗುತ್ತಿದ್ದನಂತೆ. ಎರಡು ತಿಂಗಳಿಗೇ ತೀರಿಕೊಂಡ. ಸುದ್ದಿ ಕೇಳಿ ನಾನು ಊಟ ಬಿಟ್ಟೆ. ಅದೂ ಒಂದೇ ಹೊತ್ತು.

ಶಾಲೆ ತೆರೆಯುವ ಹಿಂದಿನ ರಾತ್ರಿ, ಹೊಸ ಬೆಂಚು ಬೋರ್ಡು ಕಾಯಲು ಅಲ್ಲೇ ಮಲಗಿದೆ. ಗೋಡೆಯಲ್ಲಿ ಹಸಿ ಸುಣ್ಣದ ವಾಸನೆ. ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿದ್ದೆ. ಗೂಡ್ಸ್ ಗಾಡಿ ದಾಟಿಹೋಯಿತು, ಹಳಿಯ ಸದ್ದೂ ನಿಂತಿತು...

ಸುಣ್ಣದ ವಾಸನೆಯ ನಡುವೆ ಸೀಮೆಎಣ್ಣೆ ವಾಸನೆ ಬಂತು. ನನ್ನ ಹತ್ತಿರ ಇದ್ದದ್ದು ಬ್ಯಾಟರಿ ಮಾತ್ರ. ಹಿಂದಿನ ಕೋಣೆಯಲ್ಲಿ ಯಾರೋ ದೀಪದ ಗಾಜು ಒರೆಸುವ ಸದ್ದು... ಕಿರ್... ಕಿರ್... ಆಮೇಲೆ ಒಂದು ಕೆಮ್ಮು. ಆ ಕೆಮ್ಮು ನನಗೆ ಗೊತ್ತಿತ್ತು.

"ಮೇಷ್ಟ್ರೇ... ಮಲ್ಗಿದ್ರಾ?"

ಬ್ಯಾಟರಿ ಒತ್ತಲು ಕೈ ಬರಲಿಲ್ಲ.

"ಆ ಕಾಗ್ದ ಇನ್ನೊಂದ್ಸಲ ಓದಿ."

ಮರುದಿನದ ಸಭೆಯಲ್ಲಿ ಓದಲೆಂದು ಅರ್ಜಿಯ ನಕಲು ಚೀಲದಲ್ಲಿತ್ತು. ತೆಗೆಯಬೇಕಾಗಲಿಲ್ಲ, ಅದು ನನಗೆ ಬಾಯಿಪಾಠ. ಕತ್ತಲಲ್ಲೇ ಹೇಳುತ್ತಾ ಹೋದೆ. ಆ ಸಾಲು ಬಂತು. ಸತ್ತವನ ಮುಂದೆಯಾದರೂ ಹೇಳಿಬಿಡಬಹುದಿತ್ತು. ನಾಚಿಕೆಗೆಟ್ಟವನು ನಾನು... ಎರಡನೇ ಸಲವೂ ಬಿಟ್ಟೆ.

ಒಳಗೆ ಗಾಜು ಮತ್ತೊಮ್ಮೆ ಕಿರ್ ಎಂದಿತು.

"ಅಷ್ಟೇನಾ?"

"ಅಷ್ಟೇ, ಅಜ್ಜಾ."

"ಸರಿ ಬಿಡಿ. ಮಕ್ಳು ಓದ್ಲಿ."

ಬೆಳಕು ಹರಿದಾಗ ಚಿಲಕ ಹಾಕಿದಂತೆಯೇ ಇತ್ತು. ಹಿಂದಿನ ಕೋಣೆ ಖಾಲಿ. ಕನಸಿರಬೇಕೆಂದು ಸಮಾಧಾನ ಮಾಡಿಕೊಂಡು ಚೀಲದಿಂದ ನಕಲು ತೆಗೆದೆ. ಅದರ ಮೇಲೆ ಯಾರ ಹೆಬ್ಬೆಟ್ಟನ್ನೂ ಹಾಕಿಸಿರಲಿಲ್ಲ. ಈಗ ಒಂದಿತ್ತು... 'ಯಾರೂ ವಾಸವಿಲ್ಲ' ಎಂಬ ಸಾಲಿನ ಮೇಲೆ. ಶಾಯಿಯದಲ್ಲ, ದೀಪದ ಮಸಿಯದು.

ಅಂದು ಸಭೆಯಲ್ಲಿ ಊರೆಲ್ಲ ಕೂತಿತ್ತು. ಹೆಣ್ಣುಮಕ್ಕಳು ಹೂ ಮುಡಿದುಕೊಂಡು ಮುಂದಿನ ಸಾಲಿನಲ್ಲಿದ್ದರು. ಅರ್ಜಿ ಓದಿದೆ. ಮಸಿಯ ಹತ್ತಿರ ಬಂದಾಗ ನಾಲಗೆ ತಾನಾಗಿಯೇ ಮುಂದಿನ ಸಾಲಿಗೆ ಹಾರಿತು. ಎಲ್ಲರೂ ಚಪ್ಪಾಳೆ ತಟ್ಟಿದರು.

ಆ ನಕಲು ಈಗಲೂ ನನ್ನ ಪೆಟ್ಟಿಗೆಯಲ್ಲಿದೆ, ಮಸಿ ಮಾಸಿಲ್ಲ. ರಾತ್ರಿ ಗಾಡಿ ದಾಟಿದ ಮೇಲೆ ಒಮ್ಮೊಮ್ಮೆ ಸೀಮೆಎಣ್ಣೆ ವಾಸನೆ ಬರುತ್ತದೆ. ಎದ್ದು ಕೂತು, ಆ ಒಂದು ಸಾಲನ್ನಾದರೂ ಜೋರಾಗಿ ಓದಿಬಿಡೋಣವೆಂದು ಬಾಯಿ ತೆರೆಯುತ್ತೇನೆ. ಇದುವರೆಗೂ ಆಗಿಲ್ಲ...