ಮೇಲೋಣಿಯ ಕೂಗು

ಸಾಹುಕಾರರ ಬಲಗಿವಿಯ ಮೇಲೆ ಕೂದಲಿನ ಒಂದು ಕುಚ್ಚು ಬೆಳೆದಿತ್ತು. ಬೆಳಿಗ್ಗೆ ವಿಭೂತಿ ಹಚ್ಚಿಕೊಳ್ಳುವಾಗ ಅದಕ್ಕೂ ಒಂದಿಷ್ಟು ಮೆತ್ತಿಕೊಂಡು ದಿನವಿಡೀ ಬೆಳ್ಳಗಿರುತ್ತಿತ್ತು. ಚಿಕ್ಕವಳಿದ್ದಾಗ ಅದನ್ನು ಹತ್ತಿ ಎಂದುಕೊಂಡು ಕೀಳಲು ಕೈ ಹಾಕಿದ್ದೆ. ನಮ್ಮದು ಗಾದಿ ಹೊಲಿಯುವ ಮನೆ. ಕಂಡಲ್ಲೆಲ್ಲ ನಮಗೆ ಹತ್ತಿಯೇ. "ಕೀಳವ್ವ ಕೀಳು, ನಿಮ್ಮಪ್ಪನ ಗಾದಿಗಾತು" ಎಂದು ನಕ್ಕಿದ್ದರು.

ಹರಿಹರದಲ್ಲಿ ಹೊಳೆಗೆ ಇಳಿಯುವ ಮೆಟ್ಟಿಲುಗಳ ಮೇಲೆ ಅವರ ಓಣಿ, ಕೆಳಗೆ ನಮ್ಮದು. ಮೇಲೋಣಿಯವರು ಕಾಳಿನ ವ್ಯಾಪಾರದ ಲಿಂಗಾಯತರು, ಕೆಳಗೋಣಿಯಲ್ಲಿ ಹತ್ತಿ ಹಿಂಜುವ ನಾವು, ಪಿಂಜಾರರು. ಅವರ ಯಾವ ಮದುವೆಯೂ ನಮ್ಮ ಗಾದಿಯಿಲ್ಲದೆ ಆಗುತ್ತಿರಲಿಲ್ಲ. ತುಂಗಭದ್ರೆ ಏರಿದರೆ ನಮಗೆ ಅವರ ಪಡಸಾಲೆಯೇ ಗತಿ. ಕೆಳಗಿನ ಒಂದೊಂದು ಮನೆಗೂ ಮೇಲೊಂದು ಮನೆ ಗೊತ್ತಾಗಿತ್ತು, ಯಾವ ಕಾಲದಿಂದಲೋ. ಬಟ್ಟೆ ಒಗೆಯುವ ಕಲ್ಲು ಮುಳುಗಿತೆಂದರೆ ಮೇಲಿನ ಮನೆಯ ಹಿರಿಯರೇ ಇಳಿದು ಬಂದು ಕೂಗಬೇಕು. ಅವರು ಕೂಗುವ ಮೊದಲೇ ನಾವು ಮೆಟ್ಟಿಲು ಹತ್ತಿ ಹೋದರೆ, ಅವರು ನಮ್ಮನ್ನು ಮರೆತರೆಂದು ಊರಿಗೇ ಸಾರಿದಂತೆ. ಅಂಥ ಅವಮಾನವನ್ನು ನಮ್ಮವರು ಯಾರಿಗೂ ಮಾಡುತ್ತಿರಲಿಲ್ಲ.

ನಮ್ಮನ್ನು ಕೂಗುತ್ತಿದ್ದವರು ಸಾಹುಕಾರರು. ಪಂಚೆ ಎತ್ತಿ ಕಟ್ಟಿ, ಅರ್ಧ ಮೆಟ್ಟಿಲಲ್ಲಿ ನಿಂತು, "ಗಾದಿ ಮನ್ಯಾರೇ, ಬರ್ರಿ ಮ್ಯಾಲೆ! ಹೊಳಿ ಏನ್ ಕೇಳಿ ಬರ್ತೈತಾ?" ಎನ್ನುತ್ತಿದ್ದರು. ಹೊಳೆ ಇಳಿಯುವವರೆಗೆ ಅವರ ಪಡಸಾಲೆಯಲ್ಲಿ ನನ್ನಿಂದ ಪೇಪರ್ ಓದಿಸುವರು. ತಪ್ಪಿದರೆ ಗದರಿಕೆ, ಸರಿಯಾದರೆ ಒಂದು ಹಿಡಿ ಮಂಡಕ್ಕಿ. ಇವತ್ತು ದಾವಣಗೆರೆಯಲ್ಲಿ ನಾನು ಮಕ್ಕಳಿಗೆ ಕಲಿಸುವ ಕನ್ನಡ ಆ ಪಡಸಾಲೆಯದು.

ಕಳೆದ ಸಲ ಹೊಳೆ ಬಂದಾಗ ನಾನು ತವರಿನಲ್ಲಿದ್ದೆ. ಅಪ್ಪ ತೀರಿದ ಮೇಲೆ ಗಾದಿ ಕೆಲಸ ಅವ್ವನದೇ. ಕಲ್ಲು ಮುಳುಗಿತು. ಅವ್ವ ಹಾಸಿಗೆ ಸುತ್ತಿಟ್ಟು ಹೊಸ್ತಿಲಲ್ಲಿ ಕುಳಿತಳು. ಅಕ್ಕಪಕ್ಕದವರನ್ನು ಅವರವರ ಮೇಲಿನ ಮನೆಯವರು ಕರೆದೊಯ್ದರು.

"ನಾವೂ ಹೋಗಾಣ ನಡಿಯವ್ವ" ಎಂದೆ.

"ತಡಿ, ಸಾವ್ಕಾರ್ರು ಬರ್ತಾರ. ಬರದೆ ಎಲ್ಲಿಗೆ ಹೋಗ್ತಾರ?"

ತಲೆಯೆತ್ತಿದರೆ ಮಾಳಿಗೆಯ ಮೇಲೆ ಸಾಹುಕಾರರು ನಿಂತಿದ್ದರು. ನಮ್ಮನ್ನು ನೋಡಿದರು. ಆಮೇಲೆ ಒಳಗೆ ಹೋದರು. ಕೊಡೆ ತರಲು ಹೋಗಿದ್ದಾರೆ ಎಂದಳು ಅವ್ವ. ಕಾದೆವು. ಅವರಿಗಿಂತ ಮೊದಲು ನೀರು ಒಳಗೆ ಬಂತು. ಮೊಣಕಾಲುದ್ದದ ನೀರಿನಲ್ಲಿ ಅವ್ವನನ್ನು ಎಳೆದುಕೊಂಡು ಸರಕಾರಿ ಶಾಲೆಗೆ ಹೋದೆ. ಹತ್ತಿಯೆಲ್ಲ ಹಾಳಾಯಿತು. ಸಾಹುಕಾರರ ಹೊಸ ಕೋಣೆಗೆಂದೇ ಹೊಲಿದಿಟ್ಟ ಗಾದಿಯೂ ಅದರಲ್ಲಿತ್ತು.

ಹೊಳೆ ಇಳಿದ ಮೇಲೆ ಬಂದರು. "ಪಡಸಾಲಿಗೆ ಹೊಸಾ ಟೈಲ್ಸ್ ಹಾಕ್ಸಿದ್ವಮ್ಮ. ಮಗ ಬ್ಯಾಡ ಅಂದ" ಎಂದರು, ಗೋಡೆ ನೋಡುತ್ತ.

"ಇರ್ಲಿ ಬಿಡ್ರಿ, ಕೂಡ್ರಿ" ಎಂದಳು ಅವ್ವ. ಅವಳ ಒಳ್ಳೆಯತನದ ಮೇಲೂ ನನಗೆ ಸಿಟ್ಟು ಬಂತು. ನಿಜವಾಗಿ ಮರೆತಿದ್ದರೆ ಕ್ಷಮಿಸುತ್ತಿದ್ದೆ. ಅವರು ನೋಡಿ ಒಳಗೆ ಹೋದವರು. ಅದು ಇನ್ನೂ ಉರಿಯುತ್ತದೆ.

ಮೊನ್ನೆ ತೀರಿಕೊಂಡರು. ಸುದ್ದಿ ತಿಳಿದದ್ದೇ ಅವ್ವ ತಲೆ ತುಂಬ ಸೆರಗು ಹೊದ್ದು, ಯಾರೂ ಕೂಗದಿದ್ದರೂ ಮೆಟ್ಟಿಲು ಹತ್ತಿ ಹೋದಳು. ದಾವಣಗೆರೆಯಿಂದ ಓಡಿಬಂದ ನಾನು ಮಾತ್ರ ಅರ್ಧ ಮೆಟ್ಟಿಲಲ್ಲೇ, ಅವರು ನಿಂತು ಕೂಗುತ್ತಿದ್ದ ಜಾಗದಲ್ಲೇ ನಿಂತುಬಿಟ್ಟೆ. ನನ್ನನ್ನು ಮೇಲಕ್ಕೆ ಕರೆಯಬೇಕಾದವರು ಅವರೊಬ್ಬರೇ ಆಗಿದ್ದರು.