ಒಳಲಂಗದ ಪಕ್ಕದ ಪಿಕಳಾರ

ನನ್ನ ಸೊಸೆ ತೆಗೆದ ಹಕ್ಕಿಯ ಫೋಟೋ ಪ್ರದರ್ಶನದ ಗೋಡೆ ಹತ್ತಿದ್ದು ಕ್ಯಾಮೆರಾದಿಂದಲ್ಲ, ನನ್ನ ಒಳಲಂಗದಿಂದ. ಯಾರು ಏನೇ ಹೇಳಲಿ, ನಡೆದದ್ದು ಇಷ್ಟೇ.

ಸೊಸೆ ದಾವಣಗೆರೆಯ ಪಿ.ಜೆ. ಬಡಾವಣೆಯ ದವಾಖಾನೆಯೊಂದರಲ್ಲಿ ರಕ್ತ ಪರೀಕ್ಷೆ ಮಾಡುವವಳು. ಹರಿಹರದ ನಮ್ಮ ಮನೆಯಿಂದ ದಿನಾ ಬಸ್ಸಿನಲ್ಲಿ ಹೋಗಿಬರುತ್ತಾಳೆ. ಭಾನುವಾರ ಬಂತೆಂದರೆ ಕ್ಯಾಮೆರಾ ಹಿಡಿದು ಅಡುಗೆಮನೆ ಕಿಟಕಿಯಲ್ಲಿ ಕೂರುತ್ತಾಳೆ. ಗುಬ್ಬಿ, ಗೊರವಂಕ, ಕಾಗೆ, ಪಿಕಳಾರ. ಮದುವೆಯಾಗಿ ಬಂದಾಗಿನಿಂದ ನಾನು ಹುಶ್ ಅಂತ ಓಡಿಸಿದ ಹಕ್ಕಿಗಳಿಗೇ ಇವಳು ಕಾಯುತ್ತಾಳೆ.

ಹೋದ ವರ್ಷ ಫೋಟೋ ಹುಚ್ಚಿನವರ ಗುಂಪೊಂದು ದಾವಣಗೆರೆಯಲ್ಲಿ ಪ್ರದರ್ಶನ ಇಟ್ಟಾಗ ಇವಳ ಫೋಟೋ ತಿರಸ್ಕಾರವಾಯಿತು. ಹಕ್ಕಿ ಚೆನ್ನಾಗಿದೆ, ಹಿಂದೆ ಬರೀ ಕಸ ಎಂದರಂತೆ. ಅವಳಿಗೆ ಅನ್ನ ಸೇರಲಿಲ್ಲ. ಈ ವರ್ಷ ಸೇರಿಸಿಯೇ ಸೈ ಎಂದು ಹಟ ಹಿಡಿದಳು. ಕಳಿಸಲು ಕಡೆಯ ದಿನ ಭಾನುವಾರ.

ಕಸ ಅಂದದ್ದು ನನ್ನ ಹಿತ್ತಲಿಗೆ. ಸುಮ್ಮನಿರುವುದು ಹೇಗೆ? ಶನಿವಾರವೇ ಮೂಲೆಮೂಲೆ ಗುಡಿಸಿದೆ. ಗೋಡೆ ಮೇಲೆ ಹಕ್ಕಿ ಕುಕ್ಕಿ ಬಿಟ್ಟಿದ್ದ ಪಪ್ಪಾಯಿ ಎಸೆದೆ. ದಾಸವಾಳದ ಒಣಕಡ್ಡಿ ಕತ್ತರಿಸಿದೆ. ಹಕ್ಕಿಗಳು ನೀರು ಕುಡಿಯುವ ಬೋಗುಣಿಯನ್ನು ಬೂದಿ ಹಾಕಿ ಫಳಫಳ ಹೊಳೆಯುವಂತೆ ತಿಕ್ಕಿದೆ. ಬೆಳಿಗ್ಗೆ ಎದ್ದು ಹಿತ್ತಲಿಗೂ ರಂಗೋಲಿ ಹಾಕಿದೆ.

ಒಂದು ಕಾಗೆ ಕೂಡ ಬರಲಿಲ್ಲ.

"ಅತ್ತೇ, ಹಿತ್ತಲಿಗೆ ಏನ್ ಮಾಡೀರಿ?"

"ಫೋಟೋ ತೆಗಿತೀನಿ ಅಂದ್ಯಲ್ಲ, ಚೊಕ್ಕ ಮಾಡೀನಿ."

"ಹಕ್ಕಿ ಏನು ಹೆಣ್ಣು ನೋಡಾಕ ಬರ್ತಾವ? ಕೂರಾಕ ಕಡ್ಡಿ ಇಲ್ಲ, ತಿನ್ನಾಕ ಹಣ್ಣಿಲ್ಲ. ಆ ಬೋಗುಣಿ ಹೊಳಪಿಗೆ ನನ್ ಕಣ್ಣೇ ಕುಕ್ತೈತೆ!"

ಬೈಸಿಕೊಂಡು ಇನ್ನರ್ಧ ಪಪ್ಪಾಯಿ ತಂದು ಗೋಡೆ ಮೇಲಿಟ್ಟೆ. ಸ್ನಾನ ಮುಗಿಸಿ ಬಟ್ಟೆ ಒಗೆದು ತಂತಿಗೆ ಹಾಕಿದೆ. ನಮ್ಮಲ್ಲಿ ಒಳಲಂಗವನ್ನು ಬಯಲಿಗೆ ಒಣಹಾಕುವುದಿಲ್ಲ. ಅದರ ಮೇಲೆ ಸೀರೆ ಹರವುತ್ತೇವೆ, ಸೀರೆಯ ಮರೆಯಲ್ಲೇ ಅದು ಒಣಗಬೇಕು. ಹಾಗೇ ಹಾಕಿದ್ದೆ. ಗಾಳಿ ಬಂದು ಸೀರೆ ಒಂದು ಕಡೆ ಸರಿಯಿತು. ಅದೇ ಹೊತ್ತಿಗೆ ಪಿಕಳಾರವೊಂದು ತಂತಿಯ ಮೇಲೆ, ಲಂಗಕ್ಕೆ ಒತ್ತಿಕೊಂಡೇ ಕೂತು, ಕರೀ ಜುಟ್ಟು ಎತ್ತಿ ಪಪ್ಪಾಯಿ ಕಡೆ ನೋಡಿತು. ಸೊಸೆ ಪಟಪಟ ಫೋಟೋ ಹೊಡೆದಳು.

ಫೋಟೋವನ್ನು ಮೊಬೈಲಿಗೆ ಹಾಕಿಕೊಂಡು ತಿದ್ದಲು ಕೂತಳು. ಹಕ್ಕಿಯ ರೆಕ್ಕೆಯ ಗೆರೆಗಳೆಲ್ಲ ಎಣಿಸುವಷ್ಟು ಸ್ಪಷ್ಟ. ಪಕ್ಕದಲ್ಲಿ ನನ್ನ ಕೆಂಪು ಲಂಗ. ಅಂಚು ಕತ್ತರಿಸಿದರೆ ಹಕ್ಕಿಯ ಬಾಲವೂ ಹೋಗುತ್ತಿತ್ತು. ಬೆರಳಿನಿಂದ ಉಜ್ಜಿ ಲಂಗ ಅಳಿಸಿದಳು. ಅದರ ಜೊತೆ ತಂತಿಯೂ ಹೋಯಿತು. ಪಿಕಳಾರ ಗಾಳಿಯಲ್ಲಿ ಕಾಲೂರಿ ನಿಂತಿತು.

"ಇದೇನು ಪವಾಡನೇ?" ಅಂದೆ.

ಅವಳು ನಗಲಿಲ್ಲ. ಮತ್ತೆ ಮತ್ತೆ ಉಜ್ಜಿದಳು. ಹಕ್ಕಿಯ ಕಾಲು ಕಲಸಿದ ಹಿಟ್ಟಿನಂತಾಯಿತು. "ಈ ವರ್ಷನೂ ಹೋತು ಬಿಡ್ರಿ" ಎಂದು ಮೊಬೈಲು ಕೆಳಗಿಟ್ಟಳು. ಕಣ್ಣು ತುಂಬಿತ್ತು. ಅಳುವವರನ್ನು ಕಂಡರೆ ನನಗೆ ಆಗುವುದಿಲ್ಲ.

"ಲಂಗ ಇರ್ಲಿ ಬಿಡು."

"ಜನ ನೋಡ್ತಾರ ಅತ್ತೆ!"

"ನೋಡ್ಲಿ. ಯಾರ್ದು ಅಂತ ಅದರ ಮ್ಯಾಲೆ ಬರದೈತೇನು? ಹಕ್ಕಿ ಬಾಲದ ಬುಡ ನೋಡು, ನನ್ ಲಂಗದ ಕೆಂಪೇ ಐತೆ."

ಅವಳು ನೋಡಿದಳು. ಅಳಿಸಿದ್ದನ್ನೆಲ್ಲ ವಾಪಸ್ ತಂದಳು. ಹಿಂದಿನ ಗೋಡೆಯನ್ನು ಮಸುಕು ಮಾಡಿದಳು, ಬಿಸಿಲನ್ನು ಚೂರು ಇಳಿಸಿದಳು. ಬಾಲದ ಕೆಂಪು, ಲಂಗದ ಕೆಂಪು, ನಡುವೆ ಕರೀ ಹಕ್ಕಿ. ಹಾಗೇ ಕಳಿಸಿದಳು.

ಆಯ್ಕೆಯಾಯಿತು. ಪ್ರದರ್ಶನದ ದಿನ ನನ್ನನ್ನೂ ಕರೆದುಕೊಂಡು ಹೋದಳು. ಬಾಗಿಲ ಹತ್ತಿರವೇ ದೊಡ್ಡದಾಗಿ ತೂಗುಹಾಕಿದ್ದರು. ಅದರ ಮುಂದೆ ನಿಂತ ಹೆಂಗಸೊಬ್ಬಳು, "ಈ ಕೆಂಪು ಭಾಳ ಚಂದ ಬಂದೈತ್ರಿ, ಏನದು, ಪರದೆನಾ?" ಎಂದು ಕೇಳಿದಳು. ಸೊಸೆ ತುಟಿ ಕಚ್ಚಿ ನನ್ನ ಕಡೆ ನೋಡಿದಳು.

"ನನ್ ಲಂಗ" ಅಂದೆ.

ಆಕೆ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು, ಸೊಸೆ ನಕ್ಕು ನಕ್ಕು ಕೂತೇಬಿಟ್ಟಳು.

ಮರುದಿನ ಬೆಳಿಗ್ಗೆ ಲಂಗ ಒಗೆದು ತಂತಿಯ ನಟ್ಟನಡುವೆ ಬಯಲಿಗೇ ಹಾಕಿದೆ. ಸೀರೆಯನ್ನು ಆಚೆ ತುದಿಗೆ ಹರವಿ, ಗೋಡೆ ಮೇಲೆ ಪಪ್ಪಾಯಿ ಇಟ್ಟು ಒಳಗೆ ಬಂದೆ.